ಮೂರು ಮೂವತ್ತೆಂಟರ ಗಂಟೆ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪುರಸಭೆಯಲ್ಲಿ ತಪ್ಪು ಯಾರದೆಂದು ಕೇಳಿದರೆ ಫೈಲು ಈ ಮೇಜಿನಿಂದ ಆ ಮೇಜಿಗೆ ಓಡಾಡಿ, ಕೊನೆಗೆ ರಿಟೈರಾಗಿ ಸತ್ತುಹೋದ ಯಾರದೋ ತಲೆಯ ಮೇಲೆ ಕೂರುತ್ತದೆ. ಈ ಫೈಲಿನ ಕೊನೆಯ ಹಾಳೆಯ ಸಹಿ ನನ್ನದು. ಹನ್ನೊಂದು ಶಾಲೆಗೆ ಹನ್ನೊಂದು ಸಾಲು, ಏಳನೆಯ ಸಾಲಿನಲ್ಲಿ ಕೆಂಪು ಶಾಯಿಯ ಒಂದು ಗೀಟು. ಆ ಗೀಟು ಎಳೆದವಳೂ ನಾನೇ.

ನಾನು ಶಿಕ್ಷಣ ವಿಭಾಗದ ಗುಮಾಸ್ತೆ. ಹದಿನೆಂಟು ವರ್ಷದ ಸರ್ವಿಸು. ಬಾಯಿ ಜೋರು ಎಂದು ಹೆಸರಿದೆ, ಕೆಲಸ ಚೊಕ್ಕ ಎಂದೂ ಹೆಸರಿದೆ. ಎರಡನೆಯದನ್ನು ಜನ ಬೇಗ ಮರೆಯುತ್ತಾರೆ. ಊರಿನ ಶಾಲೆಗಳಿಗೆಲ್ಲ ಡಿಜಿಟಲ್ ತಂತ್ರಜ್ಞಾನ ತರಬೇಕೆಂದು ಸಭೆ ಠರಾವು ಮಾಡಿದಾಗ, ಅದರ ಯೋಜನೆ ಬರೆಯುವ ಕೆಲಸ ಸುತ್ತಿ ಸುತ್ತಿ ನನ್ನ ತಲೆಗೇ ಬಂತು. ಜೊತೆಗೆ ಒಬ್ಬ ಇಂಜಿನಿಯರನ್ನು ಕೊಟ್ಟರು. ನನಗಿಂತ ಹದಿನೈದು ವರ್ಷ ಚಿಕ್ಕವನು, ಏನು ಕೇಳಿದರೂ ‘ಆಗುತ್ತೆ ಮೇಡಂ’ ಎನ್ನುವವನು. ಕರಿಹಲಗೆಯ ಬದಲು ಪರದೆ, ಗೇಟಿನ ಮೇಲೆ ಮಕ್ಕಳ ತಲೆ ಎಣಿಸುವ ಕ್ಯಾಮೆರಾ, ಹನ್ನೊಂದು ಶಾಲೆಗೂ ನಮ್ಮ ಕಚೇರಿಯ ಒಂದೇ ಕಂಪ್ಯೂಟರಿನಿಂದ ಹೊಡೆಯುವ ಗಂಟೆ. ಮುಖ್ಯವಾದದ್ದು ಇಷ್ಟು. ಉಳಿದದ್ದು ವೈರು, ಪ್ಲಗ್ಗು, ಬ್ಯಾಟರಿ.

ಇಬ್ಬರೂ ಶಾಲೆ ಶಾಲೆಗೂ ಹೋಗಿ ಫಾರಂ ತುಂಬಿಸಿದೆವು. ಎಷ್ಟು ಕೋಣೆ, ಎಷ್ಟು ಮಕ್ಕಳು, ಯಾವ ಗೋಡೆ ಒದ್ದೆ, ಗಂಟೆ ಎಷ್ಟು ಹೊತ್ತಿಗೆ. ಹತ್ತು ಶಾಲೆಗಳಲ್ಲಿ ಕೊನೆಯ ಗಂಟೆ 3:40. ಏಳನೇ ನಂಬರ್ ಶಾಲೆಯ ಫಾರಮ್ಮಿನಲ್ಲಿ ಮಾತ್ರ ಎರಡು ಸಾಲು ಇತ್ತು: 3:38ಕ್ಕೆ ಒಂದು ಏಟು, 3:40ಕ್ಕೆ ಉದ್ದ ಗಂಟೆ.

ಅದು ನನ್ನ ಮಗಳೇ ಓದುವ ಶಾಲೆ, ಮೂರನೇ ಕ್ಲಾಸು. ಮನೆಯಲ್ಲಿ ಅವಳನ್ನು ಚೂಟಿ ಎನ್ನುತ್ತೇವೆ. ಬೆಳಗ್ಗೆ ಕಣ್ಣು ಬಿಟ್ಟಾಗ ಶುರುವಾದ ಮಾತು ನಿದ್ದೆ ಬಂದು ಬಾಯಿ ಮುಚ್ಚಿದರೇ ನಿಲ್ಲುವುದು. ಯಜಮಾನರು ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆಯಲ್ಲಿ ಇರುವುದು ನಾನು, ನಮ್ಮತ್ತೆ, ಚೂಟಿ. ‘ತಾಯಿ ಬಾಯಿ ಸಾಲದು ಅಂತ ಮಗಳದ್ದೂ’ ಎಂದು ನಮ್ಮತ್ತೆ ಗೊಣಗುತ್ತಾರೆ, ಗೊಣಗುತ್ತಲೇ ಅವಳನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಆ ಶಾಲೆಯಲ್ಲಿ ಎರಡೆರಡು ಸಲ ಗಂಟೆ ಹೊಡೆಯುತ್ತಾರೆಂದು ಚೂಟಿ ನನಗೆ ಯಾವತ್ತೂ ಹೇಳಿರಲಿಲ್ಲ. ಇಷ್ಟು ಮಾತಾಡುವವಳು ಅದೊಂದನ್ನು ಯಾಕೆ ಹೇಳಿರಲಿಲ್ಲವೋ.

ನಾವು ಹೋದ ದಿನ ದೊಡ್ಡ ಟೀಚರ ಕೋಣೆಯಲ್ಲಿ ಕೂತು ಫಾರಂ ತುಂಬಿಸುತ್ತಿದ್ದೆವು. ದೊಡ್ಡ ಟೀಚರೆಂದರೆ ಆ ಶಾಲೆಯ ಮುಖ್ಯೋಪಾಧ್ಯಾಯಿನಿ, ಮೆತ್ತಗಿನ ಹೆಂಗಸು. ಹೊರಗೆ ಠಣ್ ಎಂದು ಒಂದೇ ಒಂದು ಏಟು ಬಿತ್ತು. ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಅವರು ಬಗ್ಗಿ ಮೇಜಿನ ಖಾನೆ ಎಳೆದು ಏನೋ ಹುಡುಕತೊಡಗಿದರು. ಶಾಲೆಯೆಲ್ಲ ಗಪ್‌ಚಿಪ್. ಎದುರಿನ ತರಗತಿಯ ಕಿಟಕಿಯಲ್ಲಿ ಟೀಚರು ಬೆನ್ನು ಹಾಕಿ ಹಲಗೆ ಒರೆಸುತ್ತಿದ್ದರು, ಮಕ್ಕಳೆಲ್ಲ ತಲೆ ಬಗ್ಗಿಸಿ ಚೀಲಕ್ಕೆ ಪುಸ್ತಕ ತುಂಬುತ್ತಿದ್ದರು. ಬಾಗಿಲಿನ ಪರದೆ ತಾನಾಗಿ ಸ್ವಲ್ಪ ಅಲ್ಲಾಡಿತು, ಕಾಲಿಗೆ ತಣ್ಣನೆ ಗಾಳಿ ತಗುಲಿತು. ಆಮೇಲೆ ಉದ್ದ ಗಂಟೆ ಹೊಡೆಯಿತು, ಮಕ್ಕಳು ಹೋ ಎಂದು ಹೊರಗೆ ನುಗ್ಗಿದರು. ಅಷ್ಟರಲ್ಲಿ ನಾನು ಇನ್ನೊಂದು ಕಾಲಮ್ಮು ತುಂಬಿ ಮುಗಿಸಿದ್ದೆ.

ಗಂಟೆ ಹೊಡೆಯುವವರು ಒಬ್ಬ ಮುದುಕರು. ಮಕ್ಕಳು ಕರೆಯುವ ಹಾಗೆ ಎಲ್ಲರೂ ಅವರನ್ನು ಗಂಟೆ ತಾತ ಎನ್ನುತ್ತಿದ್ದರು. ತರಗತಿಗಳ ಮುಂದಿನ ಓಣಿಯ ಕೊನೆಯಲ್ಲಿ, ಗೇಟಿನ ಪಕ್ಕದ ಗೋಡೆಗೆ ಹಿತ್ತಾಳೆಯ ಗಂಟೆ, ಅದರ ಕೆಳಗೆ ಅವರ ಸ್ಟೂಲು. ಇದೇನು ತಾತ ಎರಡೆರಡು ಗಂಟೆ ಎಂದು ಕೇಳಿದೆ.

“ಮೊದಲು ಹೋಗೋರು ಹೋಗ್ಲಿ ಅಂತ ಒಂದು ಏಟು. ಆಮೇಲೆ ನಮ್ಮ ಮಕ್ಕಳಿಗೆ ಉದ್ದ ಗಂಟೆ,” ಎಂದರು.

“ಮೊದಲು ಹೋಗೋರು ಅಂದ್ರೆ ಯಾರು?”

“ಅದು ನನಗೂ ಗೊತ್ತಿಲ್ಲಮ್ಮ. ನನಗಿಂತ ಮುಂಚೆ ಇದ್ದೋರು ಹೇಳ್ಕೊಟ್ಟಿದ್ದು ಇಷ್ಟೇ. ಒಂದು ಏಟು ಹೊಡಿ, ಗೋಡೆ ಕಡೆ ತಿರುಗು, ನೂರಿಪ್ಪತ್ತು ಎಣಿಸು.”

ನಾನು ನಕ್ಕುಬಿಟ್ಟೆ. ಕಚೇರಿಗೆ ಬಂದು ಇಂಜಿನಿಯರನಿಗೆ ಅವರ ದನಿಯಲ್ಲೇ ಹೇಳಿ ತೋರಿಸಿದೆ, ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಪಾಪ, ಅವನು ಒಂದು ಮಾತು ಹೇಳಿದ್ದು ನಿಜ: ಬೇಕಾದರೆ ಆ ಶಾಲೆಗೆ ಇನ್ನೊಂದು ಸಾಲು ಸೇರಿಸಬಹುದು, ಆಗುತ್ತೆ ಮೇಡಂ ಎಂದ. ಬೇಡ ಎಂದವಳು ನಾನು. ಹನ್ನೊಂದು ಶಾಲೆಯ ಪಟ್ಟಿ ಒಂದೇ ಅಳತೆಗೆ ಬಂದು ಒಂದೇ ಹಾಳೆಯಲ್ಲಿ ಹಿಡಿಸಿತ್ತು. ಒಬ್ಬರ ಹುಚ್ಚಿಗೆ ಅದನ್ನು ಎರಡು ಹಾಳೆ ಮಾಡಲೇ? ದೊಡ್ಡ ಟೀಚರು ಫೋನು ಮಾಡಿ, ಮೊದಲಿಂದ ನಡೆದುಕೊಂಡು ಬಂದದ್ದು, ಇರಲಿ ಬಿಡಿ ಎಂದು ಅಳುಕುತ್ತಲೇ ಕೇಳಿದರು. ಮೊದಲಿಂದ ನಡೆದುಕೊಂಡು ಬಂದದ್ದನ್ನೆಲ್ಲ ಇಟ್ಟುಕೊಂಡರೆ ಯೋಜನೆ ಯಾಕೆ ಬೇಕಿತ್ತು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಕೆಂಪು ಶಾಯಿಯ ಗೀಟು ಎಳೆದು ಸಹಿ ಹಾಕಿದೆ.

ಉದ್ಘಾಟನೆಯ ದಿನ ಅಧ್ಯಕ್ಷರು ಸಭಾಂಗಣದಲ್ಲಿ ಗುಂಡಿ ಒತ್ತಿದರು. ಹನ್ನೊಂದು ಶಾಲೆಯ ಗಂಟೆ ಒಟ್ಟಿಗೆ ಹೊಡೆದದ್ದನ್ನು ಸ್ಪೀಕರಿನಲ್ಲಿ ಕೇಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಧ್ಯಕ್ಷರು ನನ್ನ ಹೆಸರು ಹಿಡಿದು ಹೊಗಳಿದರು. ಹದಿನೆಂಟು ವರ್ಷದಲ್ಲಿ ಅದೇ ಮೊದಲು. ನನಗೆ ನೆಲ ಕಾಣಿಸಲಿಲ್ಲ.

ಮರುದಿನ ಕ್ಯಾಮೆರಾಗಳ ಲೆಕ್ಕ ನನ್ನ ಮೇಜಿಗೆ ಬಂತು. ಹತ್ತು ಶಾಲೆಯದು ಸರಿಯಿತ್ತು. ಏಳನೇ ನಂಬರಿನಲ್ಲಿ ಬೆಳಗ್ಗೆ ಒಳಗೆ ಹೋದ ಮಕ್ಕಳು ಇನ್ನೂರ ಹನ್ನೆರಡು, ಮಧ್ಯಾಹ್ನ ಹೊರಗೆ ಬಂದವರು ಇನ್ನೂರ ಮೂವತ್ತೊಂದು. ಅದರ ಮರುದಿನವೂ ಅಷ್ಟೇ, ಮೂರನೆಯ ದಿನವೂ ಅಷ್ಟೇ. ಹತ್ತೊಂಬತ್ತು ತಲೆ ಹೆಚ್ಚು. ಒಂದೇ ಸಲ ಗುಂಪಾಗಿ ಬರುತ್ತಾರಲ್ಲ, ನೆರಳನ್ನೂ ಎಣಿಸುತ್ತಿದೆ ಎಂದ ಇಂಜಿನಿಯರು. ಅದನ್ನು ಇಳಿಸು ಎಂದೆ. ಅವನು ಏನೋ ತಿರುಗಿಸಿದ, ಲೆಕ್ಕ ಇನ್ನೂರ ಹನ್ನೆರಡಕ್ಕೆ ಬಂತು. ಅದಕ್ಕೂ ಒಂದು ಸಹಿ ಹಾಕಿದೆ.

ಈಗ ಮನೆಯ ವಿಷಯ. ಚೂಟಿಯ ಮುಂದಿನ ಹಲ್ಲೊಂದು ಆಗ ಅಲ್ಲಾಡುತ್ತಿತ್ತು. ಬಂದವರಿಗೆಲ್ಲ ನಾಲಿಗೆಯಲ್ಲಿ ತಳ್ಳಿ ತೋರಿಸುವುದೇ ಅವಳಿಗೆ ಕೆಲಸ. ಹಾಲಿನವನಿಗೂ ತೋರಿಸಿದ್ದಳು. ಶಾಲೆ ನಮ್ಮ ಮನೆಗೆ ಮೂರು ಬೀದಿ ಆಚೆ, ಪಕ್ಕದ ಮನೆಯ ಮಕ್ಕಳ ಜೊತೆ ನಡೆದುಕೊಂಡು ಬರುತ್ತಾಳೆ, ನಮ್ಮತ್ತೆ ಮೆಟ್ಟಿಲ ಮೇಲೆ ಕೂತು ಕಾಯುತ್ತಾರೆ. ನಾನು ಕಚೇರಿಯಿಂದ ಬರುವಾಗ ಐದೂವರೆ.

ಹೊಸ ಗಂಟೆ ಬಂದ ವಾರದಲ್ಲೇ ಚೂಟಿ ಸುಮ್ಮನಾದಳು. ಜಗಳವಿಲ್ಲ, ಹಟವಿಲ್ಲ. ಬಂದು ಕೈಕಾಲು ತೊಳೆದು, ಹೋಮ್‌ವರ್ಕ್ ಮುಗಿಸಿ, ಗೋಡೆಗೆ ಬೆನ್ನು ಕೊಟ್ಟು ಕೂರುವಳು. ಊಟ ಬಡಿಸಿದರೆ ಬಡಿಸಿದ್ದಷ್ಟನ್ನು ಉಣ್ಣುವಳು. ನನಗೆ ‘ನೀನು, ಬಾರೇ’ ಎನ್ನುತ್ತಿದ್ದವಳು ‘ನೀವು’ ಎನ್ನತೊಡಗಿದಳು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಕಚೇರಿಯಲ್ಲಿ ದುಡಿದು ಬಂದ ಮೇಲೆ ಮನೆ ತಣ್ಣಗಿದ್ದರೆ ಯಾರಿಗೆ ಬೇಡ? ದೊಡ್ಡ ಟೀಚರು ಕೂಡ ಫೋನಿನಲ್ಲಿ, ಕೆಲವು ಮಕ್ಕಳಲ್ಲಿ ಶಿಸ್ತು ಬಂದುಬಿಟ್ಟಿದೆ, ಪೋಷಕರಿಗೂ ಸಮಾಧಾನ ಎಂದರು. ಅವರ ದನಿಯಲ್ಲಿ ಸಮಾಧಾನ ಇರಲಿಲ್ಲ, ಆದರೆ ನಾನು ಹುಡುಕಿದ್ದು ವರದಿಗೆ ಬೇಕಾದ ವಾಕ್ಯವನ್ನು. ‘ಡಿಜಿಟಲ್ ಯೋಜನೆಯಿಂದ ಮಕ್ಕಳಲ್ಲಿ ಶಿಸ್ತು ಹೆಚ್ಚಿದೆ’ ಎಂದು ಬರೆದೆ.

ನಮ್ಮತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. ಚೂಟಿ ಮಲಗಿದರೆ ಒಂದು ಕಾಲು ಅಜ್ಜಿಯ ಹೊಟ್ಟೆಯ ಮೇಲೆ ಇರಲೇಬೇಕು, ಹುಟ್ಟಿದಾಗಿನಿಂದ ಹಾಗೆ. ಈಗ ಕೋಲಿನ ಹಾಗೆ ನೆಟ್ಟಗೆ ಮಲಗುತ್ತಾಳೆ, ಹೊರಳುವುದೂ ಇಲ್ಲ ಎಂದರು. ಮಗುವಿನ ಕೈಯೆಲ್ಲ ಸೀಮೆಸುಣ್ಣ, ಎಷ್ಟು ತೊಳೆದರೂ ಹೋಗುವುದಿಲ್ಲ ಎಂದರು. ಆ ಶಾಲೆಯಿಂದ ಸೀಮೆಸುಣ್ಣವನ್ನು ಪೆಟ್ಟಿಗೆ ಸಮೇತ ನಾನೇ ವಾಪಸು ತರಿಸಿಕೊಂಡಿದ್ದೆ. ಆದರೂ ನಮ್ಮತ್ತೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವಯಸ್ಸಾದವರಿಗೆ ಯೋಚನೆ ಜಾಸ್ತಿ ಎಂದುಕೊಂಡೆ.

ಇಪ್ಪತ್ತೊಂದನೆಯ ದಿನ ಸಂಜೆ ಅವಳಿಗೆ ತಲೆ ಬಾಚುತ್ತಿದ್ದೆ. ಹಲ್ಲು ಏನಾಯಿತೇ, ಬಿತ್ತಾ ಎಂದು ಕೇಳಿದೆ. ಯಾವ ಹಲ್ಲು ಅಮ್ಮ ಎಂದಳು. ಬಾಯಿ ತೆರೆಸಿ ಬೆರಳಿಟ್ಟು ನೋಡಿದೆ. ಮುಂದಿನ ಹಲ್ಲು ಕಲ್ಲು ನೆಟ್ಟ ಹಾಗೆ ಗಟ್ಟಿಯಾಗಿತ್ತು. ಪಕ್ಕದ್ದು, ಅದರ ಪಕ್ಕದ್ದು, ಎಲ್ಲವೂ ಗಟ್ಟಿ. ಅಲ್ಲಾಡುತ್ತಿದ್ದ ಹಾಲುಹಲ್ಲು ಮತ್ತೆ ಬೇರು ಬಿಡುವುದನ್ನು ಯಾರಾದರೂ ಕೇಳಿದ್ದೀರಾ? ನನ್ನ ಬೆರಳು ಬಾಯಲ್ಲಿರುವಾಗ ಅವಳು ನನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಹೊಡೆಯದೆ. ನಾನು ಬೆರಳು ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ. ಹೆತ್ತ ಮಗಳ ಎಂಜಲನ್ನು ಒರೆಸಿಕೊಂಡದ್ದು ಅದೇ ಮೊದಲು.

ಮರುದಿನ ಕಚೇರಿಗೆ ಹೋದವಳೇ ಗೇಟಿನ ಕ್ಯಾಮೆರಾದಲ್ಲಿ ಉಳಿದಿದ್ದ ಚಿತ್ರವನ್ನೆಲ್ಲ ಮೊದಲಿಂದ ಹಾಕಿಕೊಂಡು ಕೂತೆ. ಆ ಗೇಟಿನಿಂದ ಬಲಕ್ಕೆ ಹೋದರೆ ಊರು. ಎಡಕ್ಕೆ ಇನ್ನೂರು ಹೆಜ್ಜೆ ಹೋದರೆ ಮುಚ್ಚಿದ ಗಿರಣಿಯ ಗೋಡೆ, ಅಲ್ಲಿಗೆ ರಸ್ತೆ ಮುಗಿಯಿತು. ಅತ್ತ ಯಾರ ಮನೆಯೂ ಇಲ್ಲ. ಚಿತ್ರದಲ್ಲಿ ಗಂಟೆ ಹೊಡೆಯುತ್ತಲೂ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಬರುತ್ತಾರೆ. ಹೆಚ್ಚಿನವರು ಬಲಕ್ಕೆ. ಕೆಲವರು ಎಡಕ್ಕೆ, ಸಾಲಾಗಿ, ಸದ್ದಿಲ್ಲದೆ. ಎಣಿಸಿದೆ, ಹತ್ತೊಂಬತ್ತು.

ಮೂರನೆಯ ದಿನದ ಚಿತ್ರದಲ್ಲಿ ಆ ನೂಕುನುಗ್ಗಲಿನ ಮಧ್ಯೆ ಇಬ್ಬರು ಹುಡುಗಿಯರು ಅಕ್ಕಪಕ್ಕ ಬಂದರು. ಇಬ್ಬರಿಗೂ ಚೂಟಿಯದೇ ಎರಡು ಜಡೆ, ಅದೇ ಹಸಿರು ಚೀಲ, ನಾನೇ ಹೊಲಿದು ಹಾಕಿದ ಅದೇ ಪಟ್ಟಿ. ಒಬ್ಬಳು ಪಕ್ಕದ ಮನೆಯ ಮಕ್ಕಳ ಹಿಂದೆ ಬಲಕ್ಕೆ ತಿರುಗಿದಳು. ಇನ್ನೊಬ್ಬಳನ್ನು ಆ ಸಾಲು ಎಡಕ್ಕೆ ತಳ್ಳಿಕೊಂಡು ಹೋಯಿತು. ಎಡಕ್ಕೆ ಹೋದವಳು ಏನೋ ಹೇಳುತ್ತಲೇ ಇದ್ದಳು, ಬಾಯಿ ಆಡುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ನಾಲ್ಕನೆಯ ದಿನದಿಂದ ದಿನವೂ ಹಾಗೇ. ಬೆಳಗ್ಗೆ ಒಬ್ಬಳೇ ಒಳಗೆ ಹೋಗುತ್ತಾಳೆ, ಮಧ್ಯಾಹ್ನ ಇಬ್ಬರು ಹೊರಗೆ ಬರುತ್ತಾರೆ, ಒಬ್ಬಳು ಬಲಕ್ಕೆ, ಒಬ್ಬಳು ಎಡಕ್ಕೆ. ಎಡಕ್ಕೆ ಹೋಗುವವಳು ದಿನವೂ ಒಂದು ಸಲ ನಿಂತು ಹಿಂದೆ ತಿರುಗಿ ಗೇಟಿನ ಕಡೆ ನೋಡುತ್ತಿದ್ದಳು. ಹದಿನೈದನೆಯ ದಿನದ ತನಕ ನೋಡಿದಳು. ಹದಿನಾರರಿಂದ ನೋಡಲಿಲ್ಲ, ಉಳಿದವರ ಹಾಗೆ ಸುಮ್ಮನೆ ಸಾಲಿನಲ್ಲಿ ಹೋದಳು. ನಾನು ಕಂಪ್ಯೂಟರಿನ ಮುಂದೆ ಕೂತು ಕರ್ಚೀಫು ಬಾಯಿಗೆ ತುರುಕಿಕೊಂಡು ಅತ್ತೆ. ಇಂಜಿನಿಯರು ಬಂದು ಏನಾಯಿತು ಮೇಡಂ ಎಂದ. ಪರದೆ ತೋರಿಸಿದೆ. ಅವನು ನೋಡಿ, ಎಡಗಡೆ ಯಾರೂ ಇಲ್ಲವಲ್ಲ ಎಂದ. ಲೆಕ್ಕ ಇಳಿಸಿದ್ದವನು ಅವನೇ ಅಲ್ಲವೇ, ಅವನ ಕಣ್ಣಿಗೂ ಇನ್ನೂರ ಹನ್ನೆರಡೇ ಕಂಡಿತೋ ಏನೋ.

ಆಗಲೇ ಶಾಲೆಗೆ ಓಡಿದೆ. ಗಂಟೆ ತಾತನಿಗೆ ಈಗ ಗಂಟೆಯ ಕೆಲಸವಿಲ್ಲ, ಪರದೆಯ ಧೂಳು ಒರೆಸುವ ಕೆಲಸ. ಮುರಿದ ಬೆಂಚುಗಳ ಕೋಣೆಯಲ್ಲಿ ಕೂತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹಿಂದೆ ಒಂದು ಸಲ ಹೀಗಾಗಿತ್ತಂತೆ. ಅವರಿಗೆ ಜ್ವರ ಬಂದು ನಾಲ್ಕು ದಿನ ರಜೆ ಹಾಕಿದ್ದರು. ಬದಲಿಗೆ ಬಂದವನು ಉದ್ದ ಗಂಟೆಯೊಂದನ್ನೇ ಹೊಡೆದಿದ್ದ. ಎರಡನೇ ಕ್ಲಾಸಿನ ಒಂದು ಮಗುವಿನ ತಂದೆ ಬಂದು, ಮನೆಗೆ ಬರ್ತಿರೋದು ನನ್ನ ಮಗು ಅಲ್ಲ ಎಂದು ಗೇಟಿನಲ್ಲಿ ಕೂತು ಗೋಳಾಡಿದರಂತೆ. ಐದನೆಯ ದಿನ ತಾತ ಬಂದು ಮೊದಲಿನ ಹಾಗೆ ಒಂದು ಏಟು ಹೊಡೆದರು, ತಿರುಗಿ ನಿಂತು ಎಣಿಸಿದರು, ಆಮೇಲೆ ಉದ್ದ ಗಂಟೆ ಹೊಡೆದರು. ಮಗು ಎಲ್ಲರ ಜೊತೆ ಬಂತು. ಎಲ್ಲ ಸರಿಹೋಯಿತು.

“ಒಂದು ಏಟಿಗೆ ಏಳೋರು ಅವರು, ಉದ್ದ ಗಂಟೆಗೆ ಏಳೋರು ನಮ್ಮವರು,” ಎಂದರು. “ಅವರು ಹೋಗೋವಾಗ ನೋಡಬಾರದು, ಅಷ್ಟೇ. ಯಾರನ್ನ ನೋಡ್ತೀವೋ ಅವರು ಉಳ್ಕೊಂಡ್ಬಿಡ್ತಾರೆ. ಯಾರು ಕರೆದ್ರೂ ತಿರುಗಬೇಡಿ. ಆ ಗೇಟಿನ ಮೇಲೊಂದು ಕಣ್ಣು ಇಟ್ಟಿದ್ದೀರಲ್ಲ, ಅದನ್ನೂ ಮುಚ್ಚಿಸಿ.”

ಆಮೇಲೆ ಎಷ್ಟು ದಿನವಾಯಿತು ಎಂದು ಕೇಳಿದರು. ಇವತ್ತಿಗೆ ಇಪ್ಪತ್ತೆರಡು ಎಂದೆ. ಅವರು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. ನಾಳೆಯೇ ಹೊಡೀತೀನಿ, ತಡ ಮಾಡೋದು ಬೇಡ ಎಂದರು. ಅದು ಏನು ಲೆಕ್ಕವೆಂದು ನಾನು ಕೇಳಲಿಲ್ಲ. ಮಗಳು ಸಿಗುತ್ತಾಳೆ ಎಂಬುದೊಂದೇ ತಲೆಯಲ್ಲಿ ಕುಣಿಯುತ್ತಿತ್ತು.

ಆ ಸಂಜೆ ಮನೆಗೆ ಹೋಗಿ ಅವಳಿಗೆ ಹಾಲು ಬ್ರೆಡ್ಡು ಕೊಟ್ಟೆ. ಥ್ಯಾಂಕ್ಸ್ ಅಮ್ಮ ಎಂದಳು. ಅವಳ ಮುಖ ನೋಡಲು ಆಗಲಿಲ್ಲ. ಒಂದು ಕಡೆ ಭಯ, ಇನ್ನೊಂದು ಕಡೆ, ಅಯ್ಯೋ, ಇದೂ ಯಾರದೋ ಕೂಸಲ್ಲವೇ ಎಂದು ಸಂಕಟ. ಎಷ್ಟು ವರ್ಷದಿಂದ ಆ ಗೋಡೆಯ ಕಡೆ ಹೋಗುತ್ತಿದೆಯೋ, ಯಾರು ಊಟ ಹಾಕುತ್ತಾರೋ. ನಾಳೆಗೆ ಇದನ್ನೂ ಕಳಿಸಿಬಿಡುವವಳು ನಾನೇ ಎಂದುಕೊಂಡು ಒಂದು ಬ್ರೆಡ್ಡು ಹೆಚ್ಚು ಕೊಟ್ಟೆ. ನಮ್ಮತ್ತೆಗೆ ಏನೂ ಹೇಳಲಿಲ್ಲ. ಅವರು ಆಗಲೇ ಅವಳ ಪಕ್ಕದಲ್ಲಿ ಮಲಗುವುದನ್ನು ಬಿಟ್ಟಿದ್ದರು.

ಮರುದಿನ ಊಟದ ಹೊತ್ತಿನಲ್ಲಿ, ಕಚೇರಿ ಖಾಲಿಯಾದಾಗ, ಗಂಟೆಯ ಪಟ್ಟಿಯಿಂದ ಏಳನೆಯ ಸಾಲನ್ನೇ ಅಳಿಸಿದೆ. ಗೇಟಿನ ಕ್ಯಾಮೆರಾವನ್ನೂ ಆರಿಸಿದೆ. ಕಂಪ್ಯೂಟರು, ಖಚಿತವೇ ಎಂದು ಎರಡು ಸಲ ಕೇಳಿತು, ಎರಡು ಸಲವೂ ಹೌದು ಎಂದೆ. ಇದಕ್ಕೆ ನನಗೆ ನೋಟಿಸು ಬಂತು, ಬರಲಿ. ಮೂರೂವರೆಗೆ ಶಾಲೆಯ ಗೇಟಿನಲ್ಲಿದ್ದೆ.

ತಾತ ಗಂಟೆಯನ್ನು ಬಟ್ಟೆಯಲ್ಲಿ ಒರೆಸಿ ಸಿದ್ಧವಾಗಿಟ್ಟಿದ್ದರು. ಇಬ್ಬರೂ ಅಕ್ಕಪಕ್ಕ ಗೋಡೆಗೆ ಮುಖ ಮಾಡಿ ನಿಂತೆವು. ಸುಣ್ಣ ಬಿಟ್ಟ ಗೋಡೆ, ಮೂಗಿನ ಮುಂದೆಯೇ ಒಂದು ಬಿರುಕು. ಅವರು ಕೈ ಎತ್ತಿ ಒಂದು ಏಟು ಹೊಡೆದರು. ತುಟಿ ಅಲ್ಲಾಡಿಸುತ್ತ ಎಣಿಸತೊಡಗಿದರು. ನಾನೂ ಎಣಿಸಿದೆ.

ಇಪ್ಪತ್ತರ ಹೊತ್ತಿಗೆ ಓಣಿಯಲ್ಲಿ ಹೆಜ್ಜೆ ಕೇಳಿಸಿತು. ಮಕ್ಕಳ ಹೆಜ್ಜೆ, ಆದರೆ ಮಾತಿಲ್ಲ, ನಗುವಿಲ್ಲ, ಚೀಲದ ಬಕಲು ಕುಲುಕುವ ಸದ್ದು ಮಾತ್ರ. ಬೆನ್ನ ಹಿಂದೆ ತಣ್ಣನೆ ಗಾಳಿ ಹಾದುಹೋಯಿತು. ಒಬ್ಬರು, ಇಬ್ಬರು, ಮೂವರು. ಹೋಗಿ, ಹೋಗಿ, ಬೇಗ ಹೋಗಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಎಪ್ಪತ್ತರ ಹತ್ತಿರ ಒಂದು ಜೊತೆ ಹೆಜ್ಜೆ ನನ್ನ ಹಿಂದೆ ನಿಂತಿತು. ಸಣ್ಣ ಕೈಯೊಂದು ನನ್ನ ಕಿರುಬೆರಳು ಹಿಡಿಯಿತು.

“ಅಮ್ಮಾ, ನಿಂಗೂ ಶಿಕ್ಷೆ ಕೊಟ್ಟಿದ್ದಾರಾ? ಗೋಡೆ ಕಡೆ ನಿಲ್ಲಿಸಿದ್ದಾರಲ್ಲ. ಜಾಸ್ತಿ ಮಾತಾಡಿದ್ಯಾ ನೀನು?”

ಎಣಿಕೆ ತಪ್ಪಿತು. ಇದು ಅದೇ, ಮನೆಯಲ್ಲಿ ಕೂತು ಇಪ್ಪತ್ತು ದಿನ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದೆ, ಉಳಿದುಕೊಳ್ಳಲು ಆಟ ಹೂಡುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಪಕ್ಕದಲ್ಲಿ ತಾತ ಬೇಡ ಎನ್ನುವಂತೆ ತಲೆಯಾಡಿಸಿದರು. ಮುದುಕರ ಮಾತು ಕೇಳಿ ನಕ್ಕಿದ್ದೆನಲ್ಲ, ಅದಕ್ಕೇ ಅಲ್ಲವೇ ಇಷ್ಟೆಲ್ಲ ಆಗಿದ್ದು? ಈ ಸಲ ಅವರು ಹೇಳಿದಂತೆ ಅಕ್ಷರಶಃ ನಡೆಯುತ್ತೇನೆ ಎಂದು ಹಲ್ಲು ಕಚ್ಚಿದೆ. ತೊಂಬತ್ತು. ತೊಂಬತ್ತೊಂದು.

“ಅಮ್ಮ, ಅಲ್ಲಿ ಗಂಟೇನೇ ಹೊಡೆಯಲ್ಲ ಕಣೇ. ಎಷ್ಟು ಹೊತ್ತು ಕೂತ್ರೂ ಬಿಡಲ್ಲ. ನನ್ ಕಡೆ ನೋಡೇ ಒಂದ್ಸಲ.”

ಕಣ್ಣು ಮುಚ್ಚಿಕೊಂಡೆ. ಹಣೆಯನ್ನು ಗೋಡೆಗೆ ಒತ್ತಿದೆ. ನೂರ ಎಂಟು, ನೂರ ಒಂಬತ್ತು. ಬೆರಳು ಹಿಡಿದಿದ್ದ ಕೈ ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇತ್ತು. ಬೆಚ್ಚಗಿತ್ತು. ಆಮೇಲೆ ಬಿಟ್ಟಿತು. ಹೆಜ್ಜೆಗಳು ಗೇಟು ದಾಟಿ ಎಡಕ್ಕೆ ಹೋದವು. ನೂರಿಪ್ಪತ್ತಕ್ಕೆ ತಾತ ಉದ್ದ ಗಂಟೆ ಹೊಡೆದರು.

ಮರುದಿನದಿಂದ ನಾನು ಓಣಿಗೆ ಮುಖ ಮಾಡಿ, ಕಣ್ಣು ಬಿಟ್ಟುಕೊಂಡೇ ನಿಲ್ಲುತ್ತಿದ್ದೇನೆ. ತಾತ ಬೇಡ ಎನ್ನುವುದನ್ನೂ ಬಿಟ್ಟಿದ್ದಾರೆ. ಒಂದು ಏಟು ಬೀಳುತ್ತದೆ, ನೂರಿಪ್ಪತ್ತರ ತನಕ ಓಣಿ ಖಾಲಿ, ಯಾರೂ ಬರುವುದಿಲ್ಲ. ಗಿರಣಿಯ ಗೋಡೆಯ ತನಕ ಹೋಗಿ ಕೈಯಿಂದ ತಡವಿ ನೋಡಿದ್ದೇನೆ. ಇಟ್ಟಿಗೆ, ಅಷ್ಟೇ. ಆದರೆ ಆ ದಿನದ್ದನ್ನು ಹೇಳಿ ಮುಗಿಸುತ್ತೇನೆ.

ಉದ್ದ ಗಂಟೆಗೆ ಮಕ್ಕಳು ಕೂಗಾಡುತ್ತ ಬಂದರು. ಅವರ ಮಧ್ಯೆ ಎರಡು ಜಡೆ, ಹಸಿರು ಚೀಲ. ನಾನು ಓಡಿಹೋಗಿ ಬಾಚಿ ತಬ್ಬಿಕೊಂಡೆ. ಮುತ್ತಿಟ್ಟೆ, ಅತ್ತೆ, ನಕ್ಕೆ. ಅವಳು ಸುಮ್ಮನೆ ನಿಂತುಕೊಂಡಳು. ನಾನು ಬಿಟ್ಟ ಮೇಲೆ ಜಡೆ ಸರಿಮಾಡಿಕೊಂಡು ನನ್ನ ಕೈ ಹಿಡಿದಳು. ತಣ್ಣನೆಯ ಕೈ, ಬೆರಳ ತುದಿಗೆಲ್ಲ ಬಿಳಿ ಪುಡಿ. ಬಲಕ್ಕೆ ತಿರುಗಿ ಮೊದಲನೆಯ ಬೀದಿ ದಾಟಿದೆವು, ಎರಡನೆಯದನ್ನೂ ದಾಟಿದೆವು. ಇಪ್ಪತ್ತು ದಿನದಲ್ಲಿ ಅವಳಿಗೆ ನಮ್ಮ ಗಂಟೆಗೆ ಏಳುವುದು ಅಭ್ಯಾಸವಾಗಿತ್ತು. ನನ್ನವಳಿಗೆ ಅವರ ಸಾಲು, ಆ ಒಂದು ಏಟಿಗೇ ಎದ್ದುಬಿಟ್ಟಿದ್ದಳು. ಇದು ಹೊಳೆದದ್ದು ಮೂರನೆಯ ಬೀದಿಯ ತಿರುವಿನಲ್ಲಿ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

“ಅಮ್ಮ, ನೀವು ತಿರುಗಿ ನೋಡದೆ ಇದ್ದಿದ್ದು ಒಳ್ಳೇದಾಯ್ತು,” ಎಂದಳು. “ನೋಡಿದ್ರೆ ಅವಳು ಉಳ್ಕೊಂಡ್ಬಿಡ್ತಿದ್ಲು.”

ಮೆಟ್ಟಿಲ ಮೇಲೆ ನಮ್ಮತ್ತೆ ಕಾಯುತ್ತಿದ್ದರು. ನಮ್ಮಿಬ್ಬರನ್ನು ನೋಡಿ ಎದ್ದು ನಿಂತು, ಸಿಕ್ಕಿದಳಾ ಎಂದು ಕೇಳಿದರು. ನಾನು ಅವರಿಗೆ ಏನೂ ಹೇಳಿರಲಿಲ್ಲ, ಆದರೂ ಕೇಳಿದರು. ಹೂಂ ಎಂದೆ.